ಚೀಟಿ ಕೂಡಿಡುವ ಹುಡುಗನ ಪರವಾಗಿ

ನಮ್ಮವರ ಮನೆಗಳಲ್ಲಿ ಒಂದು ವಿಚಿತ್ರ ನ್ಯಾಯ ನಡೆದುಕೊಂಡು ಬಂದಿದೆ. ಯಜಮಾನರು ಮುಚ್ಚಿಹೋದ ಖಾತೆಯ ಪಾಸ್‌ಬುಕ್ಕನ್ನು ಇಪ್ಪತ್ತು ವರ್ಷ ಕಪಾಟಿನಲ್ಲಿ ಕಾಪಾಡಿದರೆ ಅದು ಮುಂದಾಲೋಚನೆ. ಮನೆಯಾಕೆ ಮದುವೆಯಲ್ಲಿ ಬಂದ, ಒಂದು ಸಲವೂ ಒಲೆಯ ಮುಖ ಕಾಣದ ಸ್ಟೀಲು ಪಾತ್ರೆಗಳನ್ನು ಲಾಫ್ಟಿನ ಮೇಲೆ ಪೇರಿಸಿಟ್ಟರೆ ಅದು ಸಂಸಾರ. ಅದೇ ಮನೆಯ ಹದಿನಾರು ವರ್ಷದ ಹುಡುಗ ಬೂಟಿನ ಎರಡು ಡಬ್ಬಿಗಳಲ್ಲಿ ಹಳೆಯ ಕ್ರಿಕೆಟ್ ಕಾರ್ಡುಗಳನ್ನು ಕೂಡಿಟ್ಟರೆ ಮಾತ್ರ ಅದು ಕಸ. ಈ ತೀರ್ಪಿನ ಮೇಲೆ ಒಂದು ಅಪೀಲು ಸಲ್ಲಿಸುವುದಕ್ಕಾಗಿ ಸಂಪಾದಕರಲ್ಲಿ ನಾಲ್ಕು ಪುಟ ಬೇಡಿ ಪಡೆದಿದ್ದೇನೆ.

ಕಾರಣವಿದೆ. ಕೆಲವು ತಿಂಗಳ ಹಿಂದೆ ಸಂಘದ ಸಭೆಯೊಂದರಲ್ಲಿ ಮಕ್ಕಳ ಹವ್ಯಾಸಗಳ ಪ್ರದರ್ಶನ ಏರ್ಪಡಿಸಬೇಕೆಂಬ ಸೂಚನೆ ಬಂದಾಗ ಹಿರಿಯರೊಬ್ಬರು ಎದ್ದು ನಿಂತು ಹೇಳಿದ್ದಿಷ್ಟು: "ಅಂಚೆಚೀಟಿ, ನಾಣ್ಯ ಎಂದರೆ ಒಪ್ಪೋಣ. ಬಬಲ್ ಗಮ್ಮಿನ ಚೀಟಿಗಳನ್ನೂ ಬೆಂಕಿಪೊಟ್ಟಣದ ಲೇಬಲ್ಲುಗಳನ್ನೂ ಮೇಜಿನ ಮೇಲೆ ಹರಡುವುದಕ್ಕೆ ಸಂಘದ ಸಭಾಗೃಹವೇ ಬೇಕೆ? ಇದೆಲ್ಲ ಅಮೆರಿಕದವರ ಹುಚ್ಚು. ಆ ಎರಡು ದಿನ ಮಕ್ಕಳಿಗೆ ಸಿಇಟಿ ಮಾರ್ಗದರ್ಶನ ಮಾಡಿಸಿ, ಪುಣ್ಯ ಬಂದೀತು." ಚಪ್ಪಾಳೆ ಬಿತ್ತು. ಸೂಚನೆ ಬಿದ್ದುಹೋಯಿತು.

ಆ ಹಿರಿಯರ ಮೇಲೆ ನನಗೆ ಗೌರವವಿದೆ. ಊರಿನಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಅವರ ಪ್ರಾಯದಲ್ಲಿ ಹವ್ಯಾಸವೆಂಬ ಮಾತೇ ದುಬಾರಿಯಾಗಿತ್ತು. ಆದರೆ ತಮಗೆ ದಕ್ಕದ್ದು ಮೊಮ್ಮಕ್ಕಳಿಗೂ ಬೇಡವೆನ್ನುವುದು ಯಾವ ಸೀಮೆಯ ಹಿರಿತನ? ಅವರ ಮಾತಿನಲ್ಲಿ ಮೂರು ಆರೋಪಗಳಿದ್ದವು. ಅದು ಪರದೇಶದ ಹುಚ್ಚು, ಓದಿಗೆ ಅಡ್ಡಿ, ಕೊನೆಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಮೊದಲಿನ ಎರಡಕ್ಕೆ ಉತ್ತರ ಸುಲಭ. ಮೂರನೆಯದರಲ್ಲೇ ನಮ್ಮೆಲ್ಲರ ರೋಗ ಅಡಗಿದೆ.

ಮೊದಲು ಹುಡುಗನ ವಿಷಯ. ನಾವಿರುವುದು ಡೊಂಬಿವಲಿಯಲ್ಲಿ. ಅವನು ನಮ್ಮ ಸೊಸೈಟಿಯ ಮೂರನೆಯ ಮಹಡಿಯವನು, ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾನೆ. ಮನೆಯಲ್ಲಿ ತುಳು, ಗೆಳೆಯರಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿರಲಿಲ್ಲ. ನನ್ನನ್ನು ಮಾಮ ಎನ್ನುತ್ತಾನೆ. ಅವನಿಗೆ ಇಂದಿನ ಐಪಿಎಲ್ ಕಾರ್ಡುಗಳಲ್ಲಿ ಆಸಕ್ತಿಯಿಲ್ಲ, ಹಳೆಯದೇ ಬೇಕು. ರಜೆ ಬಂದರೆ ಶುಕ್ರವಾರ ನಸುಕಿನಲ್ಲೆದ್ದು ಮೊದಲ ಲೋಕಲುಗಳಲ್ಲೊಂದನ್ನು ಹಿಡಿದು ಚೋರ್ ಬಜಾರಿಗೆ ಓಡುತ್ತಾನೆ. ಕಿಂಗ್ಸ್ ಸರ್ಕಲಿನ ಫುಟ್‌ಪಾತಿನ ಹಳೆ ಪುಸ್ತಕದವರೂ ಫೌಂಟನಿನ ಪುಸ್ತಕದವರೂ ಅವನನ್ನು ಮುಖದಿಂದಲೇ ಗುರುತಿಸುತ್ತಾರೆ. ಕೈಯಲ್ಲಿರುವುದು ಪಾಕೆಟ್ ಮನಿಯ ನೂರಿನ್ನೂರು ರೂಪಾಯಿ. ಅದರಲ್ಲಿ ಒಂದು ವಡಾಪಾವಿನ ಖರ್ಚು ಕಳೆದು ಉಳಿದದ್ದಕ್ಕೆ ಬಂದಷ್ಟು.

ಅವನ ಡಬ್ಬಿಯಲ್ಲಿ ಏನಿತ್ತೆಂದು ಕೇಳಿ. 1980ರ ದಶಕದ ಕೊನೆಯಲ್ಲಿ ಬಿಗ್ ಫನ್ ಎಂಬ ಬಬಲ್ ಗಮ್ಮಿನ ಮೂಲಕ ನಮ್ಮ ಕೈಸೇರಿದ ಕ್ರಿಕೆಟ್ ಚಿತ್ರಗಳು. ಇಂದು ನಲವತ್ತು ದಾಟಿದ ನನ್ನಂಥವರಿಗೆ ಅದರ ಗುಲಾಬಿ ವಾಸನೆ ಇನ್ನೂ ಮೂಗಿನಲ್ಲಿದೆ. 1990ರ ದಶಕದ ಟ್ರಂಪ್ ಕಾರ್ಡುಗಳು, ಅಂಚು ಮೆತ್ತಗಾಗಿ ಮೂಲೆ ಮುರಿದವು. ಇಂಗ್ಲೆಂಡಿನ ಜಾನ್ ಪ್ಲೇಯರ್ ಕಂಪೆನಿ 1938ರಲ್ಲಿ ಸಿಗರೇಟಿನ ಪ್ಯಾಕಿನೊಳಗಿಟ್ಟು ಕೊಟ್ಟ ಕ್ರಿಕೆಟಿಗರ ಸರಣಿಯ ಮೂರು ಕಾರ್ಡುಗಳು, ಲಂಡನ್ನಿಗೆ ಕೆಲಸಕ್ಕೆ ಹೋದ ಸೋದರಮಾವ ತಂದುಕೊಟ್ಟದ್ದು. ಜೊತೆಗೆ ಒಂದಿಷ್ಟು ಬೆಂಕಿಪೊಟ್ಟಣದ ಲೇಬಲ್ಲುಗಳು. ಲೇಬಲ್ಲುಗಳು ಯಾಕಯ್ಯಾ ಎಂದು ಕೇಳಿದರೆ, ನಮ್ಮ ಲೋಕಲ್ ನಿಲ್ಲುವ ಅಂಬರನಾಥದಲ್ಲೇ ವಿಮ್ಕೊ ಕಂಪೆನಿಯ ಬೆಂಕಿಕಡ್ಡಿಯ ದೊಡ್ಡ ಕಾರ್ಖಾನೆ ಇತ್ತಲ್ಲ ಮಾಮ, ಎನ್ನುತ್ತಾನೆ. 1923ರಲ್ಲಿ ಸ್ವೀಡನ್ನಿನವರು ಆ ಕಂಪೆನಿ ಕಟ್ಟಿದ್ದು. ನಾನು ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದವನು. ಅದನ್ನು ಹೇಳಲು ಹದಿನಾರರ ಹುಡುಗ ಬೇಕಾಯಿತು.

ಇನ್ನು ಅಮೆರಿಕದ ಹುಚ್ಚೆಂಬ ಮಾತು. ಒಪ್ಪುತ್ತೇನೆ, ಅಮೆರಿಕದಲ್ಲಿ ಈ ಹುಚ್ಚು ನಿಜಕ್ಕೂ ದೊಡ್ಡದು. ಅಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ತಂಬಾಕು ಕಂಪೆನಿಗಳು 1880ರ ದಶಕದಲ್ಲೇ ಸಿಗರೇಟಿನ ಪ್ಯಾಕಿಗೆ ಹಾಕತೊಡಗಿದವು. ಸಿಗರೇಟು ಮುರಿಯದಂತೆ ಪ್ಯಾಕಿನೊಳಗೆ ಒಂದು ಗಟ್ಟಿ ರಟ್ಟು ಬೇಕಿತ್ತು. ಬರೀ ರಟ್ಟಿನ ಬದಲು ಚಿತ್ರವಿದ್ದರೆ ಗಿರಾಕಿ ಮತ್ತೆ ಬರುತ್ತಾನೆಂಬ ವ್ಯಾಪಾರದ ಲೆಕ್ಕ. ಇಂಗ್ಲೆಂಡಿನ ವಿಲ್ಸ್ ಕಂಪೆನಿ 1896ರಲ್ಲಿ ಐವತ್ತು ಕ್ರಿಕೆಟಿಗರ ಸರಣಿ ತಂದಾಗ ಅದರಲ್ಲಿ ನಮ್ಮ ರಣಜಿತ್‌ಸಿಂಹಜಿಯೂ ಇದ್ದರು. (ಸರಿಯಾಗಿ ನೂರು ವರ್ಷದ ಮೇಲೆ, 1996ರಲ್ಲಿ, ನಮ್ಮ ದೇಶದಲ್ಲಿ ನಡೆದ ವಿಶ್ವಕಪ್ಪಿಗೂ ವಿಲ್ಸ್ ಹೆಸರೇ ಇತ್ತು. ಬೆಂಗಳೂರಿನಲ್ಲಿ ವೆಂಕಟೇಶ ಪ್ರಸಾದ್ ಆಮಿರ್ ಸೊಹೈಲನ ವಿಕೆಟ್ ಕಿತ್ತದ್ದು ಆ ಕಪ್ಪಿನಲ್ಲೇ. ಇದು ಸುಮ್ಮನೆ ನೆನಪಾಗಿ ಬರೆದದ್ದು.)

ಆದರೆ ಚಿತ್ರದ ಎಲೆಗಳ ಮೇಲೆ ಮನುಷ್ಯನಿಗೆ ಮೋಹ ಹುಟ್ಟಿದ್ದು ಸಿಗರೇಟಿನಿಂದಲ್ಲ. ಮೈಸೂರಿನವರೆಂದು ಎದೆ ತಟ್ಟಿಕೊಳ್ಳುವ ನಾವು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮರೆಯಬಾರದು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬುದೂ ಒಂದು. ಅದರಲ್ಲಿ ಅರಸರು ಛದ ಎಂಬ ಎಲೆಯಾಟಗಳನ್ನು ವಿಸ್ತಾರವಾಗಿ ಹೇಳಿಸಿದ್ದಾರೆ. ಬೇರೆಡೆ ದಶಾವತಾರದ ಗಂಜೀಫಾಕ್ಕೆ 120 ದುಂಡನೆಯ ಎಲೆಗಳು ಸಾಕಾಗುತ್ತಿದ್ದರೆ ಮೈಸೂರು ಅರಮನೆಯ ದೊಡ್ಡ ಆಟಕ್ಕೆ 360 ಎಲೆಗಳು. ಒಂದೊಂದು ಎಲೆಯ ಮೇಲೂ ದೇವತೆ, ವಾಹನ, ಆಯುಧ, ಎಲ್ಲ ಕೈಯಲ್ಲೇ ಬರೆದದ್ದು. ಚಿತ್ರಗಾರರ ಕುಂಚಕ್ಕೆ ಅದೊಂದು ದೊಡ್ಡ ಪರೀಕ್ಷೆ.

ಆ ಎಲೆಗಳು ಏನಾದವು? ಅರಮನೆಯ ದಾಟಿ ದೊಡ್ಡ ಮನೆಗಳಿಗೆ ಬಂದವು, ಆಡಿದವರು ತೀರಿಹೋದರು, ಡಬ್ಬಿಗಳು ಅಟ್ಟ ಸೇರಿದವು. ಎಷ್ಟೋ ಕಡೆ ಒಂದು ಎಲೆ ಕಳೆದುಹೋದ ಮೇಲೆ ಉಳಿದದ್ದು ಮಕ್ಕಳ ಆಟಕ್ಕೂ ಒಲೆಗೂ ಹೋಗಿರಬೇಕು. ಅವನ್ನು ಹುಡುಕಿ ಕೂಡಿಸಿ, ಯಾವ ಎಲೆ ಯಾವ ಆಟದ್ದೆಂದು ಗ್ರಂಥ ನೋಡಿ ತಾಳೆಹಾಕಿದವರಲ್ಲಿ ಮುಖ್ಯರಾದವರೊಬ್ಬರು ಯಾರು ಬಲ್ಲಿರಾ? ನಮ್ಮ ಈ ಮುಂಬಯಿಯಲ್ಲೇ ಬಾಳಿದ ಜರ್ಮನ್ ಮಹಾಶಯ ರುಡಾಲ್ಫ್ ಫಾನ್ ಲೈಡನ್. ಭೂವಿಜ್ಞಾನ ಓದಿದವರು. ಹಿಟ್ಲರನ ಕಾಲಕ್ಕೆ, 1933ರಲ್ಲಿ, ಮುಂಬಯಿಗೆ ಬಂದರು. ಟೈಮ್ಸ್ ಆಫ್ ಇಂಡಿಯಾದಲ್ಲಿ ಚಿತ್ರಕಲೆಯ ವಿಮರ್ಶೆ ಬರೆದರು, ಹುಸೇನ್, ರಜಾ, ಆರಾ ಮುಂತಾದ ಎಳೆಯ ಚಿತ್ರಕಾರರನ್ನು ಎತ್ತಿಹಿಡಿದರು. ಅವರ ಖಾಸಗಿ ಹುಚ್ಚು ಮಾತ್ರ ಎಲೆಗಳು. ಮೈಸೂರಿನ ಛದದ ಬಗ್ಗೆಯೇ ಒಂದು ಪ್ರತ್ಯೇಕ ಪುಸ್ತಕ ಬರೆದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಭಾರತದ ಗಂಜೀಫಾ ಎಲೆಗಳ ಪ್ರದರ್ಶನ ನಡೆದಾಗ ಅದರ ಪುಸ್ತಕ ಬರೆದವರೂ ಅವರೇ. ಮೈಸೂರಿನಲ್ಲಿ ಈ ಕಲೆಗೆ ಮತ್ತೆ ಜೀವ ಕೊಟ್ಟ ಚಿತ್ರಕಾರ ರಘುಪತಿ ಭಟ್ಟರಂಥವರ ಶ್ರಮ ಬೇರೆ, ಅದಕ್ಕೆ ಕೈಮುಗಿಯಬೇಕು. ಆದರೆ ಯೋಚಿಸಿ: ನಮ್ಮವರು ಅಟ್ಟದಲ್ಲಿ ಮರೆತದ್ದನ್ನು ಬರ್ಲಿನ್ನಿನಲ್ಲಿ ಹುಟ್ಟಿದವನೊಬ್ಬ ಆಯ್ದು ಜಗತ್ತಿಗೆ ತೋರಿಸಬೇಕಾಯಿತು. ಆ ಹೊತ್ತಿಗೆ ಅವರ ಮನೆಯಲ್ಲಿ ಯಾರಾದರೂ "ಎಲೆ ಆಯುವುದು ಬಿಟ್ಟು ಬೇರೆ ಕೆಲಸ ನೋಡು" ಎಂದಿದ್ದರೆ ನಷ್ಟ ಯಾರಿಗೆ? ನಮ್ಮ ಮೈಸೂರಿಗೆ.

ಓದಿಗೆ ಅಡ್ಡಿಯೆಂಬ ಮಾತಿಗೆ ಒಂದು ಪ್ರಸಂಗ ಹೇಳಿದರೆ ಸಾಕು. ಉಪನಗರದ ಹಳೆ ಸಾಮಾನಿನವನೊಬ್ಬ ಹುಡುಗನಿಗೆ "ಅಸಲಿ 1896" ಎಂದು ಹೇಳಿ ರಣಜಿಯ ಒಂದು ಕಾರ್ಡು ತೋರಿಸಿದ. ಕೇಳಿದ್ದು ಆರುನೂರು ರೂಪಾಯಿ. ಹುಡುಗ ಮುನ್ನೂರಕ್ಕೆ ಇಳಿಸಿ, ಒಂದು ದಿನದ ಮಟ್ಟಿಗೆ ದುಡ್ಡು ಅಡವಿಟ್ಟು ಮನೆಗೆ ತಂದ. ಮೊದಲು ಬೂತಗನ್ನಡಿ ಹಿಡಿದು ನೋಡಿದ. ಈಗಿನ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣಗಳ ಚುಕ್ಕೆಗಳು ಹೂವಿನ ಎಸಳಿನ ಹಾಗೆ ಕ್ರಮವಾಗಿ ಕೂತಿರುತ್ತವೆ. ಹಳೆಯ ಕಲ್ಲಚ್ಚಿನ ಕಾರ್ಡಿನಲ್ಲಿ ಆ ಕ್ರಮ ಇರುವುದಿಲ್ಲ. ಬಣ್ಣಕ್ಕೊಂದು ಕಲ್ಲು, ಚುಕ್ಕೆಗಳು ಕೈಯಿಂದ ಇಟ್ಟವು, ದೊಡ್ಡದು ಚಿಕ್ಕದು. ಆಮೇಲೆ, ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ಅತಿನೇರಳೆ ದೀಪವನ್ನು ಕೆಳಗಿನ ಕಿರಾಣಿಯವನಲ್ಲಿ ಬೇಡಿ ತಂದು, ನಮ್ಮ ಮನೆಯ ಅಡಿಗೆಕೋಣೆಯ ಬಾಗಿಲು ಮುಚ್ಚಿ ಕತ್ತಲೆ ಮಾಡಿ ಕಾರ್ಡಿನ ಮೇಲೆ ಹಿಡಿದ. ಕಾರ್ಡು ತಿಳಿನೀಲಿಯಾಗಿ ಫಳಫಳ ಹೊಳೆಯಿತು.

"ಖೋಟಾ, ಮಾಮ," ಎಂದ.

ವಿಷಯವೇನೆಂದರೆ, ಕಾಗದ ಬೆಳ್ಳಗೆ ಕಾಣಲೆಂದು ಸೇರಿಸುವ ಹೊಳಪಿನ ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಅವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಹಾಕುತ್ತವೆ. 1896ರ ಕಾಗದಕ್ಕೆ ಆ ಗುಣ ಇರಲು ಸಾಧ್ಯವಿಲ್ಲ. ಪ್ರತಿದೀಪ್ತಿ ಎಂಬ ಇದೇ ವಿದ್ಯಮಾನವನ್ನು ನಾನು ಬಿ.ಎಸ್ಸಿ.ಯಲ್ಲಿ ಐದು ಅಂಕದ ಪ್ರಶ್ನೆಗೆ ಉತ್ತರವಾಗಿ ಬಾಯಿಪಾಠ ಮಾಡಿದ್ದೆ. ಬರೆದು, ಅಂಕ ತೆಗೆದು, ಕೇಂದ್ರ ಸರಕಾರದ ಕಚೇರಿಗೆ ಸೇರಿ, ಫೈಲುಗಳಿಗೆ ನಂಬರು ಹಾಕುವುದರಲ್ಲಿ ಅದನ್ನು ಮರೆತೆ. ಆ ಪಾಠ ಜೀವಂತವಾಗಿ ಕೆಲಸ ಮಾಡುವುದನ್ನು ನಾನು ಮೊದಲ ಬಾರಿ ಕಂಡದ್ದು ಈ ಹುಡುಗನ ಕೈಯಲ್ಲಿ. ಸಿಇಟಿ ಕ್ಲಾಸಿನವರು ವರ್ಷಕ್ಕೆ ಲಕ್ಷಗಟ್ಟಲೆ ತೆಗೆದುಕೊಂಡು ಕಲಿಸುವುದಕ್ಕಿಂತ ಇದು ಕಡಿಮೆಯ ಭೌತಶಾಸ್ತ್ರವೆ? ಹುಡುಗ ಮರುದಿನ ಕಾರ್ಡು ಹಿಂದಿರುಗಿಸಿ ಮುನ್ನೂರು ರೂಪಾಯಿ ವಾಪಸು ತಂದ. ಅದೂ ಒಂದು ವಿದ್ಯೆಯೇ.

ಇಷ್ಟೇ ಅಲ್ಲ. ಮುಂಬಯಿಯ ನಾಲ್ಕು ತಿಂಗಳ ಮಳೆಗಾಲದಲ್ಲಿ ಕಾಗದ ಉಳಿಸುವುದೆಂದರೆ ಯುದ್ಧ. ಅಗ್ಗದ ಪಿವಿಸಿ ಹಾಳೆಯೊಳಗೆ ಕಾರ್ಡು ಇಟ್ಟರೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಹಾಕಿದ ಎಣ್ಣೆಯಂಥ ದ್ರವ ಹೊರಬಂದು ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಆದರೆ ಚಿಂತೆಯಿಲ್ಲ. ಮರದ ತಿರುಳಿನ ಕಾಗದದಲ್ಲಿರುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಟ್ಟ ಚೀಲಗಳನ್ನು ಹುಡುಗ ಇಡೀ ಸೊಸೈಟಿಯಿಂದ ವಸೂಲು ಮಾಡುತ್ತಾನೆ. ಇದೆಲ್ಲ ಅವನಿಗೆ ಯಾರೂ ಹೇಳಿಕೊಡಲಿಲ್ಲ. ಬೇಕಾಗಿತ್ತು, ಕಲಿತ.

ಈಗ ನಡೆದ ಅನ್ಯಾಯಕ್ಕೆ ಬರುತ್ತೇನೆ. ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವುದೆಂದು ತೀರ್ಮಾನವಾಗಿ, ಎಲ್ಲರೂ ಬಾಡಿಗೆ ಮನೆ ಹುಡುಕುವ ಗಡಿಬಿಡಿ. ಹುಡುಗ ಕಾಲೇಜಿಗೆ ಹೋದ ಹೊತ್ತು ನೋಡಿ ಅವನ ತಾಯಿ ಹಳೆಯ ಪೇಪರಿನ ಜೊತೆ ಬೂಟಿನ ಎರಡೂ ಡಬ್ಬಿಗಳನ್ನು ರದ್ದಿಯವನ ತಕ್ಕಡಿಗೆ ಹಾಕಿದರು. ಆಕೆಯನ್ನು ಕೆಟ್ಟವರೆನ್ನಲಾರೆ. ಒಂದು ರೂಮು-ಕಿಚನ್ನಿನಲ್ಲಿ ಐದು ಜನರ ಸಂಸಾರ ಕಟ್ಟಿಕೊಂಡು ಹೊರಡುವವರಿಗೆ ಏನು ಬಿಡಬೇಕು, ಏನು ಒಯ್ಯಬೇಕೆಂಬ ಸಂಕಟ ಅವರಿಗೇ ಗೊತ್ತು. ಆದರೆ ಒಂದು ಮಾತು ಕೇಳಲೇಬೇಕಲ್ಲ: ಗಂಡನ ಮುಚ್ಚಿದ ಪಾಸ್‌ಬುಕ್ಕನ್ನು ಹಾಕುವ ಮುನ್ನ ಕೇಳಿದರು, ಅತ್ತೆಯ ಮುರಿದ ಕನ್ನಡಕಕ್ಕೂ ಕೇಳಿದರು. ಮಗನ ಆರು ವರ್ಷದ ಸಂಗ್ರಹಕ್ಕೆ ಕೇಳಬೇಕೆಂದು ತೋರಲೇ ಇಲ್ಲ. ಮಕ್ಕಳಿಗೂ ತಮ್ಮದೆಂಬುದೊಂದು ಇದೆ ಎಂಬ ಭಾವನೆಯೇ ನಮ್ಮ ಮನೆಗಳಲ್ಲಿ ಇಲ್ಲ.

ಹುಡುಗ ಅಳಲಿಲ್ಲ, ಕೂಗಾಡಲಿಲ್ಲ. ಮೂರು ದಿನ ಪೂರ್ವ-ಪಶ್ಚಿಮ ಎರಡೂ ಬದಿಯ ರದ್ದಿ ಅಂಗಡಿಗಳನ್ನು ಅಲೆದ. ಒಂದು ಡಬ್ಬಿ ಸಿಕ್ಕಿತು. ರದ್ದಿಯವನು ಮರ್ಯಾದಸ್ಥ, ಕಾಸು ಕೇಳಲಿಲ್ಲ. ಇನ್ನೊಂದು, ಪ್ಲೇಯರ್ ಕಂಪೆನಿಯ ಮೂರು ಕಾರ್ಡುಗಳಿದ್ದದ್ದು, ಆ ಹೊತ್ತಿಗೆ ಕಾಗದದ ಗಿರಣಿಯ ಟೆಂಪೊ ಹತ್ತಿಯಾಗಿತ್ತು.

ನಾನು ಅವನ ತಂದೆಯ ಬಳಿ ಹೋಗಿ ಮಾತಾಡಿದೆ. ಸಜ್ಜನರು, ಗಾಬರಿಯಾದರು. ಆದರೆ ಗಾಬರಿಯಾದದ್ದು ಯಾವಾಗ? ಮಗನ ಮುಖ ನೋಡಿ ಅಲ್ಲ. ಅಮೆರಿಕದಲ್ಲಿ ಒಂದು ಹಳೆಯ ಬೇಸ್‌ಬಾಲ್ ಕಾರ್ಡು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿಗೆ, ಹರಾಜಾಯಿತೆಂದು ಮೊಬೈಲಿನಲ್ಲಿ ಯಾರೋ ತೋರಿಸಿದ ಮೇಲೆ. ಅಂದಿನಿಂದ ಅವರ ಧಾಟಿಯೇ ಬೇರೆ. ಉಳಿದ ಡಬ್ಬಿಗೆ ಬೀಗ ಬಂತು. ವಾರಕ್ಕೊಮ್ಮೆ ಪ್ರಶ್ನೆ: "ಇದು ಎಷ್ಟಕ್ಕೆ ಹೋದೀತು? ಅದು ಎಷ್ಟಕ್ಕೆ?" ಹುಡುಗ ಈಗ ತಂದೆ ಇರುವಾಗ ಡಬ್ಬಿಯನ್ನೇ ತೆಗೆಯುವುದಿಲ್ಲ.

ಓದುಗ ಮಹಾಶಯರೇ, ಡಬ್ಬಿಯನ್ನು ತಕ್ಕಡಿಗೆ ಹಾಕಿದ್ದೂ ಡಬ್ಬಿಗೆ ಬೀಗ ಹಾಕಿದ್ದೂ ನನಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಒಬ್ಬರು ಕಿಲೋ ಲೆಕ್ಕದಲ್ಲಿ ತೂಗಿದರು, ಇನ್ನೊಬ್ಬರು ಕೋಟಿ ಲೆಕ್ಕದಲ್ಲಿ. ಇಬ್ಬರೂ ಕಾರ್ಡಿನಲ್ಲಿ ಏನಿದೆಯೆಂದು ತಿರುಗಿಸಿ ನೋಡಲಿಲ್ಲ.

ಆ ನೂರು ಕೋಟಿಯ ಕಾರ್ಡಿನ ಕಥೆಯನ್ನೇ ಪೂರ್ತಿ ಕೇಳಿ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಬಬಲ್ ಗಮ್ ಮಾಡುತ್ತಿದ್ದ ಟಾಪ್ಸ್ ಎಂಬ ಕಂಪೆನಿ 1952ರಲ್ಲಿ 407 ಬೇಸ್‌ಬಾಲ್ ಕಾರ್ಡುಗಳ ಸರಣಿ ತಂದಿತು. ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡು ಬಂದದ್ದು ಕೊನೆಯ ಕಂತಿನಲ್ಲಿ, ಋತು ಮುಗಿಯುವ ಹೊತ್ತಿಗೆ. ಮಾರಾಟವಾಗಲಿಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಆ ರಾಶಿಯನ್ನು 1960ರಲ್ಲಿ ದೋಣಿಗೆ ತುಂಬಿ ಸಮುದ್ರಕ್ಕೆ ಸುರಿಸಿದೆವೆಂದು ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡರು. ಮನೆಗಳಲ್ಲಿದ್ದದ್ದನ್ನು ಅಮೆರಿಕದ ತಾಯಂದಿರು, ಹುಡುಗರು ಕಾಲೇಜಿಗೋ ಸೈನ್ಯಕ್ಕೋ ಹೋದ ಹೊತ್ತು ನೋಡಿ ಕಸದ ತೊಟ್ಟಿಗೆ ಹಾಕಿದರು. ಅಲ್ಲಿಯೂ ತಾಯಂದಿರು ಅದೇ ಜಾತಿ! ಹೀಗೆ ಎಲ್ಲರೂ ಎಸೆದ ಮೇಲೆ ಉಳಿದ ಕೆಲವಕ್ಕೆ ಆ ಬೆಲೆ ಬಂತು.

ಬೆಲೆ ಬಂದದ್ದು ಕಂಡು ದೊಡ್ಡವರಿಗೆ ಆಸೆ ಹುಟ್ಟಿತು. 1980ರ ದಶಕದ ಕೊನೆಗೆ ಅಮೆರಿಕದ ಗೃಹಸ್ಥರು ಮಕ್ಕಳ ಕಾಲೇಜು ಖರ್ಚಿಗಾದೀತೆಂದು ಕಾರ್ಡಿನ ಪೆಟ್ಟಿಗೆಗಳನ್ನು ಬಿಚ್ಚದೆ ಕೊಂಡು ಕಪಾಟಿನಲ್ಲಿ ಪೇರಿಸಿದರು. ಕಂಪೆನಿಗಳಿಗೆ ಹಬ್ಬ, ಹಗಲುರಾತ್ರಿ ಅಚ್ಚು ಹಾಕಿದವು. ಯಾರೂ ಎಸೆಯಲಿಲ್ಲ, ಎಲ್ಲರೂ ಕೂಡಿಟ್ಟರು. ಪರಿಣಾಮ, 1990ರ ದಶಕದಲ್ಲಿ ಬೆಲೆ ಕುಸಿದು ಬಿತ್ತು. ಆ ಕಾಲದ ಬಹುಪಾಲು ಕಾರ್ಡುಗಳಿಗೆ ಇಂದು ಕೊಂಡ ಬೆಲೆಯೂ ಹುಟ್ಟುವುದಿಲ್ಲ. ದುಡ್ಡಿಗಾಗಿ ಇಟ್ಟುಕೊಂಡವರು ಕೈಸುಟ್ಟುಕೊಂಡರು. ನಮ್ಮ ಹುಡುಗನ ತಂದೆ ಇದನ್ನು ಓದಿ ಬೀಗ ತೆಗೆಯಲಿ ಎಂದೇ ಇಷ್ಟು ಬರೆದೆ.

ಅದೇ ಅಮೆರಿಕದಲ್ಲಿ ಇನ್ನೊಬ್ಬ ಮನುಷ್ಯನಿದ್ದ. ನಮ್ಮ ಹಿರಿಯರಿಗೆ ಅಮೆರಿಕವೆಂದರೆ ಇಂಥವನ ಅಮೆರಿಕವೂ ಹೌದೆಂದು ತಿಳಿದಿರಲಿ. ಹೆಸರು ಜೆಫರ್ಸನ್ ಬರ್ಡಿಕ್. ಸಿರಕ್ಯೂಸ್ ಎಂಬ ಊರಿನ ಕಾರ್ಖಾನೆಯಲ್ಲಿ ವಿದ್ಯುತ್ ಉಪಕರಣಗಳ ಬಿಡಿಭಾಗ ಜೋಡಿಸುವ ಕೆಲಸಗಾರ. ಮದುವೆಯಿಲ್ಲ, ಹಣವಿಲ್ಲ, ಸಂಧಿವಾತದಿಂದ ಕೈಬೆರಳು ಸೊಟ್ಟಗಾಗಿದ್ದವು. ಸಿಗರೇಟು ಕಾರ್ಡು, ಬೇಸ್‌ಬಾಲ್ ಕಾರ್ಡು, ವ್ಯಾಪಾರದ ಚೀಟಿ, ಶುಭಾಶಯ ಪತ್ರ, ಲೇಬಲ್ಲು, ಹೀಗೆ ಜನ ಎಸೆಯುವ ಅಚ್ಚಿನ ಕಾಗದಗಳನ್ನು ಬಾಳಿಡೀ ಕೂಡಿಸಿದ. ಎಲ್ಲಕ್ಕೂ ವರ್ಗ ಮಾಡಿ, ಅಕ್ಷರ-ಅಂಕೆ ಕೊಟ್ಟು, 1939ರಿಂದ ಪಟ್ಟಿ ಅಚ್ಚು ಹಾಕಿಸಿದ. 1909ರಿಂದ 1911ರವರೆಗೆ ಬಂದ ಅತ್ಯಂತ ಪ್ರಸಿದ್ಧ ತಂಬಾಕು ಕಾರ್ಡುಗಳನ್ನು ಇಂದಿಗೂ ಜಗತ್ತು ಟಿ-206 ಎನ್ನುವುದು ಈ ಕೆಲಸಗಾರ ಕೊಟ್ಟ ನಂಬರಿನಿಂದ. ಆ ಸರಣಿಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಒಂದು ಕಾರ್ಡು 2022ರಲ್ಲಿ ಎಪ್ಪತ್ತು ಲಕ್ಷ ಡಾಲರಿಗೂ ಮೇಲೆ ಮಾರಾಟವಾಯಿತು. ಬರ್ಡಿಕ್ ತನ್ನ ಸಂಗ್ರಹ ಮಾರಲಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು, ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳನ್ನು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಕೊಟ್ಟದ್ದಷ್ಟೇ ಅಲ್ಲ, ಅಲ್ಲಿಯೇ ಕೂತು ಆ ಸೊಟ್ಟ ಬೆರಳುಗಳಿಂದ ವರ್ಷಗಟ್ಟಲೆ ಒಂದೊಂದನ್ನೇ ಆಲ್ಬಮ್ಮಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿಯಲ್ಲಿ ಆತ ತೀರಿಕೊಂಡ.

ಇಡೀ ಹಗಲು ಫೈಲಿಗೆ ನಂಬರು ಹಾಕುವ ನನಗೆ ಈ ಮನುಷ್ಯನ ಕಥೆ ಓದಿದಾಗ ಹೊಟ್ಟೆಕಿಚ್ಚಾಯಿತು. ನಂಬರು ಹಾಕುವ ಕೆಲಸದಲ್ಲೂ ಇಷ್ಟು ಪ್ರೀತಿ ಇರಬಹುದೆ!

ಕೊನೆಯದಾಗಿ ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ಪ್ರತಿ ವರ್ಷ ನಾವು ಕನ್ನಡ ಕಲಿಕೆಯ ತರಗತಿ ಆರಂಭಿಸುತ್ತೇವೆ. ಉದ್ಘಾಟನೆಗೆ ಮೂವತ್ತು ಮಕ್ಕಳು, ದಸರೆಯ ಹೊತ್ತಿಗೆ ಆರು, ಕ್ರಿಸ್ಮಸ್ಸಿಗೆ ಗುರುಗಳು ಮಾತ್ರ. ನಮ್ಮ ಹುಡುಗನೂ ಮೂರನೆಯ ವಾರ ಓಡಿಹೋದವರಲ್ಲಿ ಒಬ್ಬ. ಅವನೇ ಕಳೆದ ವರ್ಷ ಒಂದು ದಿನ ಕಿಂಗ್ಸ್ ಸರ್ಕಲಿನಲ್ಲಿ ಸಿಕ್ಕ ಹಳೆಯ ಕನ್ನಡ ವಾರಪತ್ರಿಕೆಯ ಹರಕು ಹಾಳೆಗಳನ್ನು ಹಿಡಿದು ನಮ್ಮ ಮನೆಗೆ ಬಂದ. 1974ರದು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಚಿತ್ರಗಳು. "ಇದರಲ್ಲಿ ಏನು ಬರೆದಿದೆ ಮಾಮ, ಓದಿ ಹೇಳಿ" ಎಂದ.

ಅದೇನು ಸಾಮಾನ್ಯ ವಿಷಯವೆ? 1958-59ರಿಂದ ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿಯನ್ನು ಕಿಸೆಯಲ್ಲಿಟ್ಟುಕೊಂಡಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕೆಡವಿ, ಮುಂದೆ ರಾಜಸ್ಥಾನವನ್ನೂ ಗೆದ್ದು, ಕರ್ನಾಟಕ ಮೊದಲ ಬಾರಿ ಟ್ರೋಫಿ ಎತ್ತಿದ ವರ್ಷ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ನನ್ನ ತಂದೆಯವರು ಹೇಳುತ್ತಿದ್ದರು, ಆ ದಿನ ಅವರ ಕಚೇರಿಯಲ್ಲಿ ಮರಾಠಿ ಮಿತ್ರರ ಮುಖ ನೋಡಿ ಒಳಗೊಳಗೇ ನಕ್ಕು, ಹೊರಗೆ ಮಾತ್ರ "ಅದೃಷ್ಟ, ಅದೃಷ್ಟ" ಎನ್ನುತ್ತಿದ್ದರಂತೆ. ಹೊಟ್ಟೆ ತುಂಬಿಸಿದ ಊರು ಇದು, ಹುಟ್ಟಿದ ಊರು ಅದು. ಆ ಸಂಕಟ ನಮ್ಮವರಿಗೇ ಗೊತ್ತು.

ನಾನು ಓದಿ ಹೇಳಲಿಲ್ಲ. "ನೀನೇ ಓದು" ಎಂದೆ. ಹುಡುಗ ಗೊಣಗಿದ. ಆದರೆ ಹಾಳೆ ಬಿಟ್ಟು ಏಳಲಿಲ್ಲ. ಅಂದು ರಾತ್ರಿ ಒಂದು ಶೀರ್ಷಿಕೆ, ಮರುವಾರ ಚಿತ್ರದ ಕೆಳಗಿನ ಸಾಲುಗಳು. ಒತ್ತಕ್ಷರ ಬಂದರೆ ಈಗಲೂ ಎಡವುತ್ತಾನೆ. "ವಿಶ್ವನಾಥ್" ಎಂಬ ಹೆಸರಿನ ಶ್ವದ ಹತ್ತಿರ ಎಷ್ಟು ಹೊತ್ತು ನಿಂತಿದ್ದನೋ. ನಾಲ್ಕು ತಿಂಗಳಲ್ಲಿ ಆ ಹಾಳೆಗಳನ್ನೆಲ್ಲ ಮುಗಿಸಿದ. ಈಗ ಹಳೆಯ ಕನ್ನಡ ಪತ್ರಿಕೆ ಎಲ್ಲಿ ಸಿಗುತ್ತದೆಂದು ಅವನೇ ಕೇಳುತ್ತಾನೆ. ಬಬಲ್ ಗಮ್ಮಿನ ಚೀಟಿಯಿಂದ ಹೊರಟವನು ಕನ್ನಡಕ್ಕೆ ಬಂದು ಮುಟ್ಟಿದ. ನಮ್ಮ ತರಗತಿಗಳು, ಭಾಷಣಗಳು, ರಾಜ್ಯೋತ್ಸವದ ಶಾಲುಗಳು ಮಾಡದ ಕೆಲಸ ಇದು. ಇಂಥವನಿಗೆ ಮೇಜು ಕೊಡಲು ಜಾಗವಿಲ್ಲವೆಂದು ಚಪ್ಪಾಳೆ ತಟ್ಟಿದೆವಲ್ಲ!

ಕಳೆದ ಚಳಿಗಾಲದಲ್ಲಿ ಅವನನ್ನು ಸಂಘದ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಲಾಫ್ಟಿನಲ್ಲಿ ಹಳೆಯ ಸ್ಮರಣ ಸಂಚಿಕೆಗಳು, ಯಕ್ಷಗಾನ ಮೇಳಗಳು ಊರಿನಿಂದ ಬಂದಾಗ ಅಚ್ಚು ಹಾಕಿಸಿದ ಕರಪತ್ರಗಳು, ನಾಟಕದ ಟಿಕೆಟಿನ ಅರ್ಧಗಳು, ನಮ್ಮವರ ಹೋಟೆಲುಗಳ ಊಟದ ಕೂಪನ್ನುಗಳು ಒಂದರ ಮೇಲೊಂದು ಬಿದ್ದಿವೆ. ಗೆದ್ದಲು ಅರ್ಧ ತಿಂದಿದೆ. ಸುಣ್ಣಬಣ್ಣದ ನೆಪದಲ್ಲಿ ಉಳಿದದ್ದನ್ನು ರದ್ದಿಗೆ ಹಾಕುವ ಮಾತು ಸಮಿತಿಯಲ್ಲಿ ಆಗಲೇ ಎದ್ದಿದೆಯಂತೆ. ಈ ನಗರದಲ್ಲಿ ನಮ್ಮ ಅಜ್ಜ-ಅಪ್ಪಂದಿರು ಬಾಳಿದರೆಂಬುದಕ್ಕೆ ಸರಕಾರಿ ದಫ್ತರಿನಲ್ಲಿ ಪುರಾವೆ ಹೆಚ್ಚೇನೂ ಸಿಗದು. ಆ ಕೂಪನ್ನುಗಳಲ್ಲಿ ಸಿಗುತ್ತದೆ. ಹುಡುಗ ಏಣಿ ಹತ್ತಿ ಒಂದು ಕಟ್ಟು ಇಳಿಸಿ ಧೂಳು ಒರೆಸಿ, ಕರಪತ್ರವೊಂದನ್ನು ಅಕ್ಷರ ಕೂಡಿಸಿ ಓದತೊಡಗಿದ. ಮ್ಯಾನೇಜರರು ಬಾಗಿಲು ಹಾಕುವ ಹೊತ್ತಾಯಿತೆಂದು ಬೀಗದ ಕೈ ಅಲ್ಲಾಡಿಸುವವರೆಗೂ ಇಳಿಯಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಲಿಖಿತವಾಗಿ ಇಲ್ಲಿದೆ. ಸಂಘ ಒಂದು ಉಕ್ಕಿನ ಕಪಾಟು ಕೊಡಲಿ. ಎರಡನೆಯ ಕೈಯದಾದರೂ ಆದೀತು, ಬಾಗಿಲು ಸರಿಯಾಗಿ ಮುಚ್ಚಿದರೆ ಸಾಕು. ತಿಂಗಳಲ್ಲಿ ಎರಡು ಭಾನುವಾರ ಮಧ್ಯಾಹ್ನ ಕಚೇರಿಯ ಬಾಗಿಲು ತೆರೆದಿರಲಿ. ಹುಡುಗನೂ ಅವನ ಇಬ್ಬರು ಗೆಳೆಯರೂ, ಅವರಲ್ಲಿ ಒಬ್ಬಳು ಮರಾಠಿ ಹುಡುಗಿ, ಬಂದು ಲಾಫ್ಟಿನ ಕಾಗದಗಳನ್ನು ವರ್ಷವಾರು ವಿಂಗಡಿಸಲು ಒಪ್ಪಿದ್ದಾರೆ. ನಂಬರು ಹಾಕುವ ಕೆಲಸ ನನಗೆ ಬಿಡಿ, ಅಭ್ಯಾಸವಿದೆ. ಮನೆ ಬದಲಿಸುವವರು, ಲಾಫ್ಟು ಖಾಲಿ ಮಾಡುವವರು ರದ್ದಿಯವನನ್ನು ಕರೆಯುವ ಮೊದಲು ಸಂಘದ ಕಚೇರಿಗೆ ಒಂದು ಫೋನು ಮಾಡಲಿ. ರದ್ದಿಯವನು ಕೊಡುವ ಬೆಲೆಯನ್ನೇ ನಾನೂ ಕೊಡುತ್ತೇನೆ. ತಕ್ಕಡಿ ನಿಮ್ಮದೇ ಇರಲಿ.